ಒಂದು ಹಿಡಿ ಕಾಳಿನಷ್ಟು ತಡ

ನಮ್ಮ ಕಡೆ ಮಾತು ಕೇಳುವವರು ಬಾಯಿ ಮುಚ್ಚಿಕೊಂಡು ಕೇಳುವಂತಿಲ್ಲ, ಹೂಂಗುಟ್ಟಬೇಕು. ಹೇಳುವವರು ಒಂದು ಮಾತು ಮುಗಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಕೇಳುವವರ ಬಾಯಿಂದ ‘ಹೂಂ’ ಬರಬೇಕು. ಬಾರದಿದ್ದರೆ ಅವರಿಗೆ ಕೇಳುವ ಮನಸ್ಸಿಲ್ಲ ಎಂದೇ ಲೆಕ್ಕ. ಬಬಲೇಶ್ವರದಲ್ಲಿ ಅಜ್ಜಿಯ ಮನೆಯ ಕಟ್ಟೆಯ ಮೇಲೆ ಕತೆ ಕೇಳುತ್ತ ನಾವು ಹೂಂಗುಟ್ಟುವುದನ್ನು ಮರೆತರೆ, ಕತೆಯ ರಾಜನ ಕುದುರೆ ಅಡವಿಯ ನಡುವೆಯೇ ನಿಂತುಬಿಡುತ್ತಿತ್ತು. “ಯಾಕ, ಎಲ್ಲಾರ ನಾಲಿಗೀನೂ ಬೆಕ್ಕ ಒಯ್ತೇನ? ಹೂಂ ಅನ್ರಿ, ಇಲ್ಲಂದ್ರ ನಾ ಎದ್ದ ಹೋಗ್ತೇನಿ” ಎಂದು ಅಜ್ಜಿ ಗದರುತ್ತಿದ್ದಳು. ನಾವು ನಿದ್ದೆಗಣ್ಣಿನಲ್ಲೇ ಹೂಂ ಹೂಂ ಎಂದು ಕುದುರೆಯನ್ನು ಮತ್ತೆ ಓಡಿಸುತ್ತಿದ್ದೆವು.

ಆ ಅಜ್ಜಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯಳನ್ನು ತಿಕೋಟಾದ ಆಚೆ ಕಳ್ಳಕವಟಗಿಯ ಒಕ್ಕಲುತನದ ಮನೆಗೆ ಕೊಟ್ಟರು. ಅವಳು ನನ್ನ ದೊಡ್ಡವ್ವ. ಕಿರಿಯಳನ್ನು ವಿಜಯಪುರದ ಒಬ್ಬ ನೌಕರದಾರನಿಗೆ ಕೊಟ್ಟರು. ಅವಳು ನನ್ನ ಅವ್ವ. ಮದುವೆಗೆ ಮೊದಲು ಅಕ್ಕತಂಗಿಯರಿಬ್ಬರೂ ಒಂದೇ ಬೀಸುಕಲ್ಲಿನ ಗೂಟ ಹಿಡಿದು, ಎದುರುಬದುರು ಕೂತು ಜೋಳ ಬೀಸಿದವರು. ಕಲ್ಲು ತಿರುಗುತ್ತಿತ್ತು, ಒಬ್ಬಳು ಮಾತಾಡುತ್ತಿದ್ದಳು, ಇನ್ನೊಬ್ಬಳು ಹೂಂಗುಟ್ಟುತ್ತಿದ್ದಳು. ಹಾಗೆ ಬೀಸಿದ ಹಿಟ್ಟಿನ ರೊಟ್ಟಿಯ ರುಚಿ ಗಿರಣಿಯ ಹಿಟ್ಟಿಗೆ ಬಂದಿಲ್ಲ ಎಂದು ಅವ್ವ ಕೊನೆಯವರೆಗೂ ಹೇಳುತ್ತಿದ್ದಳು. ನನಗೇನೋ ಅವಳು ನೆನೆಯುತ್ತಿದ್ದದ್ದು ರೊಟ್ಟಿಯನ್ನಲ್ಲ ಎನಿಸುತ್ತದೆ.

ವಿಜಯಪುರದ ಜಲನಗರದಲ್ಲಿದ್ದ ನಮ್ಮ ಮನೆಗೆ ಫೋನು ಬಂದದ್ದು ನಾನು ಲಂಗದ ಹುಡುಗಿಯಾಗಿದ್ದಾಗ. ಕೆಂಪು ಬಣ್ಣದ್ದು, ಕೈಗೆ ಭಾರ ಎನಿಸುವ ರಿಸೀವರಿನದು. ಅದಕ್ಕೆ ಅವ್ವ ದಾರದಲ್ಲಿ ಹೆಣೆದ ಮುಸುಕು ಹಾಕಿದ್ದಳು, ಮದುಮಗಳಿಗೆ ಹಾಕಿದ ಹಾಗೆ. ಕಳ್ಳಕವಟಗಿಯ ತೋಟದ ಮನೆಗೂ ಕಂಬದ ಮೇಲಿನ ತಂತಿ ಮುಟ್ಟಿದ ಮೇಲೆ ಶುರುವಾಯಿತು ನೋಡಿ. ಮಧ್ಯಾಹ್ನ ಊಟ ಮುಗಿಸಿ, ಭಾಂಡಿ ತೊಳೆದು, ಸೆರಗಿಗೆ ಕೈ ಒರೆಸಿಕೊಂಡು ಅವ್ವ ಫೋನಿನ ಮುಂದೆ ಕೂತರೆ ಅಲ್ಲಿ ದೊಡ್ಡವ್ವನೂ ಕೂತಿರುತ್ತಿದ್ದಳು. ಎಮ್ಮೆ ಈದದ್ದು, ಸೊಸೆ ಮುನಿಸಿಕೊಂಡದ್ದು, ಅಗಸಿ ಹಿಂಡಿಗೆ ಬೆಳ್ಳುಳ್ಳಿ ಹೆಚ್ಚಾದದ್ದು, ಯಾವುದೂ ಬಿಡುತ್ತಿರಲಿಲ್ಲ. ಇಬ್ಬರೂ ಏಕಕಾಲಕ್ಕೆ ಮಾತಾಡುತ್ತಿದ್ದರು. ಮಾತಿನ ನಡುವೆಯೇ ಒಬ್ಬರಿಗೊಬ್ಬರು ಹೂಂ ಕೊಡುತ್ತಿದ್ದರು.

“ಇಬ್ಬರೂ ಕೂಡೇ ಮಾತಾಡಿದ್ರ ಕೇಳಾವ್ರ್ ಯಾರು?” ಎಂದು ಅಪ್ಪ ಪೇಪರಿನ ಮರೆಯಿಂದ ಕೆಣಕುತ್ತಿದ್ದ.

“ನಾವು ಕೇಳ್ಕೋತನ ಮಾತಾಡ್ತೇವ್ರಿ. ನಿಮಗ ಎರಡೂ ಒಮ್ಮೆ ಬರಂಗಿಲ್ಲ, ಪೇಪರ ಓದ್ರಿ ಸುಮ್ಮ” ಎಂದು ಅವ್ವ ರಿಸೀವರಿಗೆ ಕೈ ಅಡ್ಡ ಹಿಡಿದು ಹೇಳುತ್ತಿದ್ದಳು.

ಅಪ್ಪ ಹೋದ. ನನಗೂ ಮದುವೆಯಾಗಿ, ಕಾಲೇಜಿನ ಆಫೀಸಿನಲ್ಲಿ ನೌಕರಿ ಸಿಕ್ಕಿ, ಗಂಡನೊಡನೆ ಅದೇ ಜಲನಗರದ ಮನೆಯಲ್ಲಿ ಅವ್ವನ ಜೊತೆ ಇರತೊಡಗಿದೆ. ಎಲ್ಲರ ಕೈಗೂ ಮೊಬೈಲು ಬಂತು. ಕೆಂಪು ಫೋನು ಮಾತ್ರ ಮೂಲೆಯ ಸ್ಟೂಲು ಬಿಟ್ಟು ಕದಲಲಿಲ್ಲ. ಆಮೇಲೆ ಚರಂಡಿಗೆಂದು ಓಣಿ ಅಗೆದರು, ತಂತಿ ಹರಿಯಿತು. ದುರಸ್ತಿಗೆ ಬರುತ್ತೇವೆ ಎಂದವರು ಇವತ್ತಿಗೂ ಬರುತ್ತಲೇ ಇದ್ದಾರೆ! ಕಳ್ಳಕವಟಗಿಯ ಕಡೆ ಕಂಬಗಳೇ ಅಡ್ಡ ಬಿದ್ದು ಎಷ್ಟೋ ದಿನವಾಗಿತ್ತು. ಅಲ್ಲಿಗೆ ಎಲ್ಲ ಮುಗಿಯಿತು.

ಮೊಬೈಲು ಇತ್ತಲ್ಲ ಎನ್ನುತ್ತೀರಿ. ಇತ್ತು. ದೊಡ್ಡವ್ವನ ತೋಟದ ಮನೆಯೊಳಗೆ ಸಿಗ್ನಲ್ ಸಿಗದು; ಮಾಳಿಗೆ ಹತ್ತಿ ನೀರಿನ ಟಾಕಿಯ ಪಕ್ಕ ನಿಲ್ಲಬೇಕು. ಅವ್ವನ ಕಿವಿಯ ಮಷೀನಿಗೂ ಮೊಬೈಲಿಗೂ ಆಗಿಬರದು. ಹತ್ತಿರ ತಂದರೆ ಕೀಂಯ್ ಎಂದು ಕಿರುಚುತ್ತಿತ್ತು. ಮಷೀನು ತೆಗೆದರೆ ಕೇಳಿಸದು. “ಇದೇನ ಸಾಬಾಣದ ತುಂಡ, ಕೈಯಾಗ ನಿಲ್ಲಂಗಿಲ್ಲ, ಕಿವಿಯಾಗ ನಿಲ್ಲಂಗಿಲ್ಲ” ಎಂದು ಅವಳು ಅದನ್ನು ಹಾಸಿಗೆಯ ಮೇಲೆ ಒಗೆಯುತ್ತಿದ್ದಳು. ಮಧ್ಯಾಹ್ನ ಭಾಂಡಿ ತೊಳೆದಾದ ಮೇಲೆ ಅಭ್ಯಾಸಬಲದಿಂದ ಸತ್ತ ಫೋನಿನ ಮುಂದೆ ಹೋಗಿ ಕೂರುವುದು, ಮುಸುಕಿನ ಧೂಳು ಕೊಡವುವುದು, ಎದ್ದು ಬರುವುದು. ನಾನು ಸಿಟ್ಟಿನ ಹೆಂಗಸು. ದುಃಖ ಬಂದರೂ ನನಗೆ ಮೊದಲು ಬರುವುದು ಸಿಟ್ಟೇ. ಗಂಡನ ಮೇಲೆ ಹರಿಹಾಯುತ್ತಿದ್ದೆ. “ಓಣಿ ನಾ ಅಗದೇನೇನ?” ಎಂದು ಆ ಪುಣ್ಯಾತ್ಮ ಸ್ಕೂಟರಿನ ಕೀಲಿ ಎತ್ತಿಕೊಂಡು ಹೊರಬೀಳುತ್ತಿದ್ದ.

ಅಷ್ಟರಲ್ಲಿ ನಮ್ಮ ಕಾಲೇಜಿನ ಫೋನುಗಳನ್ನೆಲ್ಲ ತೆಗೆದು ಇಂಟರ್‌ನೆಟ್ಟಿನ ಮೇಲೆ ಓಡುವ ಫೋನು ಹಾಕಿದರು. ಹಾಕಲು ಬಂದ ಮೆಕ್ಯಾನಿಕನನ್ನು ಚಹಾ ಕೊಟ್ಟು ಕೂರಿಸಿ, ನಮ್ಮ ಕೆಂಪು ಫೋನಿಗೆ ಏನಾದರೂ ದಾರಿ ಇದೆಯೇ ಎಂದು ಕೇಳಿದೆ. “ಐತಲ್ರೀ ಮೇಡಮ್ಮರ. ಒಂದ ಸಣ್ಣ ಪೆಟಗಿ ಬರತೈತಿ. ಒಂದ ಕಡೆ ಇಂಟರ್‌ನೆಟ್ಟಿನ ವಾಯರು, ಒಂದ ಕಡೆ ನಿಮ್ಮ ಹಳೇ ಫೋನಿನ ವಾಯರು. ನಿಮ್ಮ ಮಾತನ್ನ ಅದು ಚೂರ ಚೂರ ಮಾಡಿ ನೆಟ್ಟಿನ್ಯಾಗ ಕಳಸತೈತಿ, ಆ ಕಡೆ ಇನ್ನೊಂದ ಪೆಟಗಿ ಕೂಡಿಸಿ ಕೇಳಸತೈತಿ” ಎಂದ. ನನಗೆ ಅರ್ಥವಾಗಿದ್ದು ಪೆಟ್ಟಿಗೆ ಎನ್ನುವುದೊಂದೇ. ಅದು ಸಾಕಿತ್ತು.

ನಮ್ಮ ಮನೆಯಲ್ಲಿ ಇಂಟರ್‌ನೆಟ್ಟು ಇತ್ತು. ದೊಡ್ಡವ್ವನ ಮನೆಯಲ್ಲೂ ಇತ್ತು, ಅದೊಂದು ಮಜಾ. ಅವರದು ದ್ರಾಕ್ಷಿ ತೋಟ. ದ್ರಾಕ್ಷಿಯನ್ನು ಬಲೆಯ ಮೇಲೆ ಹರಡಿ ಒಣಗಿಸಿ ಮಣೂಕ ಮಾಡುವ ಉದ್ದನೆಯ ಶೆಡ್ಡು ಮನೆಯಿಂದ ತುಸು ದೂರ. ಅದನ್ನು ಕೂತಲ್ಲೇ ಕಾಯಲೆಂದು ದೊಡ್ಡವ್ವನ ಮಗ, ನನಗೆ ಅಣ್ಣನಾಗಬೇಕು, ಶೆಡ್ಡಿಗೆ ಕ್ಯಾಮೆರಾ ಹಾಕಿಸಿದ್ದ. ಆ ಕ್ಯಾಮೆರಾಕ್ಕಾಗಿ ಮಾಳಿಗೆಯ ಮೇಲೆ ತಟ್ಟೆಯಂಥದ್ದೊಂದನ್ನು ನಿಲ್ಲಿಸಿ ದೂರದ ಗೋಪುರದಿಂದ ಇಂಟರ್‌ನೆಟ್ಟು ಹಿಡಿದಿದ್ದ. ದ್ರಾಕ್ಷಿಗೆ ಬಂದ ಇಂಟರ್‌ನೆಟ್ಟು ಅಕ್ಕತಂಗಿಯರಿಗೇಕೆ ಬೇಡ ಎಂದು ನಾನು ಒಂದು ಪೆಟ್ಟಿಗೆ ಮನೆಗೂ ಇನ್ನೊಂದು ಕಳ್ಳಕವಟಗಿಗೂ ತಂದೆ. ಅಣ್ಣ ಅಟ್ಟದ ಮೇಲಿಂದ ಅವರ ಹಳೆಯ ಫೋನನ್ನು ಇಳಿಸಿದ; ಅದರೊಳಗೆ ಇರುವೆಗಳು ಮನೆ ಮಾಡಿದ್ದವು.

ನಮ್ಮ ಪೆಟ್ಟಿಗೆಯ ಹಸಿರು ದೀಪ ಹತ್ತಿದ ದಿನ ಅವ್ವನನ್ನು ಕರೆದು ರಿಸೀವರು ಕೈಗೆ ಕೊಟ್ಟೆ. ಕಿವಿಗಿಟ್ಟುಕೊಂಡಳು. ಆ ಹಳೆಯ ಗುಂಯ್ ಎನ್ನುವ ಸದ್ದು ಕೇಳಿದ್ದೇ ತಡ, ಅವಳ ಮುಖ ನೋಡಬೇಕಿತ್ತು. “ಯವ್ವಾ, ಜೀವ ಬಂತಲ್ಲ ಇದಕ್ಕ!” ಎಂದು ಗಳಗಳನೆ ಅತ್ತುಬಿಟ್ಟಳು. ನಾನೂ ಅತ್ತೆ. ಗಂಡ ಮಾತ್ರ, “ನೀವು ತಾಯಿ ಮಗಳು ಫೋನ ಹತ್ತದಿದ್ರೂ ಅಳ್ತೀರಿ, ಹತ್ತಿದ್ರೂ ಅಳ್ತೀರಿ” ಎಂದ.

ಕೆಲವು ದಿನ ಸುಖವಾಗಿ ಹೋಯಿತು. ದನಿ ಬಾವಿಯ ನೀರಿನ ಹಾಗೆ ಸ್ವಚ್ಛ. ಆದರೆ ಏನೋ ಒಂದು ಸರಿ ಇರಲಿಲ್ಲ. ಇಬ್ಬರೂ ಒಮ್ಮೆಲೇ ಶುರು ಮಾಡುವುದು, ಒಮ್ಮೆಲೇ ನಿಲ್ಲುವುದು. “ನೀ ಹೇಳಕ್ಕಾ.” “ಇಲ್ಲ, ನೀ ಹೇಳು.” ಮತ್ತೆ ಇಬ್ಬರೂ ಕೂಡಿಯೇ ಶುರು. ಒಂದು ಬಾಗಿಲಲ್ಲಿ ಎದುರಾದ ಇಬ್ಬರು ಆ ಕಡೆ ಈ ಕಡೆ ಸರಿದು ಮತ್ತೆ ಡಿಕ್ಕಿ ಹೊಡೆಯುವ ಹಾಗೆ. ಅವ್ವ ಒಂದು ಮಾತು ಮುಗಿಸಿ ಹೂಂಗೆ ಕಾದರೆ ಅದು ಬಾರದು. ಇವಳು ಮುಂದಿನ ಮಾತಿಗೆ ಹೊರಟಾಗ ನಡುವೆ ತಟಕ್ಕನೆ ಬಂದು ಬೀಳುವುದು.

“ಅಕ್ಕ ಮೊದಲಿನಂಗ ಹೂಂಗುಟ್ಟಂಗಿಲ್ಲ. ಆಕಿ ಮನಸ ಎಲ್ಲೋ ಇರತೈತಿ” ಎಂದು ಅವ್ವ ಒಂದು ದಿನ ಸೊಪ್ಪು ಸೋಸುತ್ತ ಹೇಳಿದಳು.

“ವಯಸ್ಸಾಗೈತಲ್ಲಬೇ ಆಕಿಗೂ” ಎಂದೆ ನಾನು. ನನಗೂ ಹಾಗೆಯೇ ಅನಿಸಿತ್ತು.

ಆ ವರ್ಷ ಅವ್ವನಿಗೆ ಒಂದೇ ಆಸೆ. ಮೊಣಕಾಲಿನ ಆಪರೇಶನ್ ಆಗಿ, ಅವಳು ಕಳ್ಳಕವಟಗಿಯ ಮುಖ ನೋಡದೆ ಬಹಳ ಕಾಲವಾಗಿತ್ತು. ಮಣೂಕ ಒಣಗುವ ಬೇಸಿಗೆಯಲ್ಲಿ ಹೋಗಿ ಅಕ್ಕನ ಮಗ್ಗುಲಲ್ಲಿ ಮಲಗಿ, ಬಾಯಿ ನೋಯುವತನಕ ಮಾತಾಡಿ ಬರಬೇಕು ಎಂದಿತ್ತು ಅವಳಿಗೆ. ಮತ್ತೊಂದು ಬೇಸಿಗೆ ಕೈಗೆ ಸಿಗುತ್ತದೋ ಇಲ್ಲವೋ ಎನ್ನುವ ಅಂಜಿಕೆಯೂ ಇತ್ತು. ಆದರೆ ಕಾಲು ಮಡಚಲು ಬಾರದು, ಕೂರಲು ಕುರ್ಚಿಯಂಥ ಕಮೋಡು ಬೇಕು, ಕೈಹಿಡಿದು ಎಬ್ಬಿಸುವವರು ಬೇಕು. “ಪರರ ಮನ್ಯಾಗ ಹೋಗಿ ಅವರ ಸೊಸಿ ಕಡಿಂದ ಸೇವಾ ಮಾಡಿಸ್ಕೊಳ್ಳೂದ ಚಂದೇನ?” ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅಕ್ಕನ ಮನೆ ಯಾವಾಗ ಪರರ ಮನೆ ಆಯಿತೋ ನನಗೆ ತಿಳಿಯದು.

ಕೊನೆಗೆ ಒಂದು ಮಧ್ಯಾಹ್ನ ಕೇಳಿಯೇಬಿಟ್ಟಳು. ನಾನು ಅಲ್ಲೇ ಪಕ್ಕದಲ್ಲಿ ಸೀರೆ ಮಡಚುತ್ತಿದ್ದೆ. ದೊಡ್ಡವ್ವನ ದನಿ ರಿಸೀವರು ದಾಟಿ ಕೋಣೆಗೆಲ್ಲ ಕೇಳುವಂಥದ್ದು.

“ಕಾಲ ಈಗ ಅಡ್ಡಿ ಇಲ್ಲಕ್ಕಾ. ಕೋಲ ಹಿಡಕೊಂಡ ಅಂಗಳದತನಕ ಹೋಗ್ತೇನಿ” ಎಂದಳು ಅವ್ವ. ಆ ಕಡೆಯಿಂದ ಹೂಂ ಬರಲಿಲ್ಲ. ಧೈರ್ಯ ಆರಿಹೋಗುವ ಮೊದಲೇ ಕೇಳಬೇಕೆಂದೋ ಏನೋ, ಅವ್ವ ಕಾಯದೆ ಮುಂದುವರಿದಳು. “ನಾ ಬಂದ ಇದ್ರ ನಿಮಗೆಲ್ಲಾ ತ್ರಾಸ ಆಗತೈತೇನ?”

ಕೇಳಿ ಬಾಯಿ ಮುಚ್ಚಿದ್ದಳಷ್ಟೇ. “ಹೂಂ” ಎಂದು ಬಂತು.

ಅವ್ವ ಮರುಕ್ಷಣವೇ ರಿಸೀವರನ್ನು ಕೆಳಗಿಟ್ಟಳು. ಮುಸುಕು ಹಾಕಿದಳು. ಅದರ ಅಂಚು ಸರಿ ಮಾಡಿದಳು. “ಆಕಿ ಖರೇ ಹೇಳ್ಯಾಳ ಬಿಡು” ಎಂದು ಎದ್ದು ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಫೋನು ಕೂಡಲೇ ಬಡಿದುಕೊಂಡಿತು, ಬಡಿದುಕೊಳ್ಳುತ್ತಲೇ ಇತ್ತು. ಎತ್ತಲು ಹೋದ ನನ್ನನ್ನು ಅವ್ವ ತಡೆದಳು: “ಎತ್ತಬ್ಯಾಡ. ಎತ್ತಿದ್ರ ನನ್ನಾಣಿ ಐತಿ.”

ಮರುದಿನ ಬಡಿದುಕೊಂಡಿತು, ಎತ್ತಲಿಲ್ಲ. ಅದರ ಮರುದಿನವೂ ಅಷ್ಟೇ. ಅವ್ವ ರೊಟ್ಟಿ ಅರ್ಧಕ್ಕೇ ಬಿಡುತ್ತಿದ್ದಳು. ನನಗೆ ದೊಡ್ಡವ್ವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಒಡಹುಟ್ಟಿದವಳು ಇಷ್ಟು ಕೇಳಿದರೆ ಮುಖಕ್ಕೆ ಹೊಡೆದ ಹಾಗೆ ಹೂಂ ಎನ್ನುವುದೇ? ರಜೆ ಹಾಕಿ, ಮಾತುಗಳನ್ನು ಹಲ್ಲಿನಲ್ಲಿ ಕಡಿದುಕೊಂಡು, ತಿಕೋಟಾ ಬಸ್ಸು ಹತ್ತಿದೆ. ಅಲ್ಲಿಂದ ಜೀಪು. ದಾರಿಯುದ್ದಕ್ಕೂ ದೊಡ್ಡವ್ವನಿಗೆ ಹೇಳಬೇಕಾದದ್ದನ್ನೆಲ್ಲ ಹೊಂದಿಸಿಕೊಂಡೆ.

ಅಂಗಳಕ್ಕೆ ಕಾಲಿಡುವ ಮೊದಲೇ ದೊಡ್ಡವ್ವ ಗುಡುಗಿದಳು. “ಬಾರವಾ ಬಾ! ನಿಮ್ಮವ್ವಗ ಏನ ಸೊಕ್ಕ ಬಂದೈತಿ? ನಾ ಮಾತಾಡಾಕತ್ತೇನಿ, ನಡುವ ಫೋನ ಇಟ್ಟಾಳ! ಮತ್ತ ಹಚ್ಚಿದ್ರ ಎತ್ತವಲ್ಲಳು!”

“ಮತ್ತ ನೀ ಹೂಂ ಅಂದ್ರ ಇನ್ನೇನ ಮಾಡಬೇಕ ಆಕಿ?” ನಾನೂ ಕಡಿಮೆ ಮಾಡಲಿಲ್ಲ. “ಬಂದ್ರ ತ್ರಾಸ ಆಗತೈತೇನ ಅಂತ ಕೇಳಿದ್ಲು, ಹೂಂ ಅಂದಿ. ನಾ ಕಿವಿಯಾರೆ ಕೇಳೇನಿ.”

ದೊಡ್ಡವ್ವ ಕಟ್ಟೆ ಇಳಿದು ಹತ್ತಿರ ಬಂದಳು. “ನಾ? ತ್ರಾಸಕ್ಕ ಹೂಂ ಅಂದ್ನ್ಯಾ? ಅಂಗಳದತನಕ ನಡೀತೇನಿ ಅಂದ್ಲು, ಅದಕ್ಕ ಹೂಂ ಅಂದೆ. ತ್ರಾಸ ಅನ್ನೂದ ಕೇಳಿ, ಹುಚ್ಚಿ, ನಿನ್ನ ಸಲುವಾಗಿ ಕೌದಿ ಹೊಲದ ಇಟ್ಟೇನಿ, ಯಾವಾಗ ಬರ್ತಿ ಹೇಳು ಅಂದೆ. ಅಷ್ಟರಾಗ ಇಟ್ಟಬಿಟ್ಟಿದ್ಲು.”

ಕೈಹಿಡಿದು ಒಳಗೆ ಎಳೆದುಕೊಂಡು ಹೋದಳು. ಮಂಚದ ಮೇಲೆ ಹಳೆಯ ಬಟ್ಟೆ ಜೋಡಿಸಿ ಹೊಲಿದ ಹೊಸ ಕೌದಿ. ಅವರಿಬ್ಬರ ತಾಯಿಯ, ಅಂದರೆ ನನ್ನ ಅಜ್ಜಿಯ ಇಳಕಲ್ ಸೀರೆಯ ಸೆರಗು ನಡುವೆ, ಸುತ್ತ ಬಣ್ಣಬಣ್ಣದ ತುಂಡು. ಹಿತ್ತಲಿಗೆ ಎಳೆದೊಯ್ದಳು. ಸೊಸೆ ಬಚ್ಚಲ ಪಕ್ಕ ಕಮೋಡು ಹಾಕಿಸಿದ್ದಳು. ಗೋಡೆಗೆ ಹಿಡಿದುಕೊಳ್ಳಲು ಸರಳು ಬೇರೆ. “ನೋಡು, ಇನ್ನೂ ಯಾರೂ ಕುಂತಿಲ್ಲ. ನಿಮ್ಮವ್ವನ ಕೈಲೇ ಉದ್ಘಾಟನಾ ಅಂತ ಬಿಟ್ಟೇನಿ” ಎಂದಳು ದೊಡ್ಡವ್ವ, ಅಳುತ್ತ. ನಗಬೇಕೋ ಅಳಬೇಕೋ ತಿಳಿಯದೆ ನಾನು ಆ ಕಮೋಡಿನ ಮುಂದೆ ನಿಂತಿದ್ದೆ. ಬಸ್ಸಿನಲ್ಲಿ ಹೊಂದಿಸಿದ ಮಾತೆಲ್ಲ ಎಲ್ಲಿ ಹೋಯಿತೋ.

ಆದರೂ ಆ ಹೂಂ ಹೇಗೆ ತಪ್ಪಿ ಬಿತ್ತು ಎನ್ನುವುದು ಬಗೆಹರಿಯಲಿಲ್ಲ. ಅದು ಬಗೆಹರಿದದ್ದು ಅಣ್ಣನ ಕ್ಯಾಮೆರಾದಿಂದ. ಚಹಾ ಕುಡಿದು ಶೆಡ್ಡಿನ ಕಡೆ ಹೋದೆವು. ಬಲೆಯ ತುಂಬ ಹಸಿರು ದ್ರಾಕ್ಷಿ ಬಾಡುತ್ತಿತ್ತು, ಗಾಳಿಯೆಲ್ಲ ಸಿಹಿ ವಾಸನೆ. ಅಣ್ಣ ಮೊಬೈಲಿನಲ್ಲಿ ಅದೇ ಶೆಡ್ಡನ್ನು ತೋರಿಸಿದ. ದೊಡ್ಡವ್ವ ಕ್ಯಾಮೆರಾದ ಕೆಳಗೆ ನಿಂತು ಕೈ ಎತ್ತಿದಳು. ಮೊಬೈಲಿನ ದೊಡ್ಡವ್ವ ಸುಮ್ಮನೆ ನಿಂತೇ ಇದ್ದಳು. ಇವಳು ಕೈ ಇಳಿಸಿ ಸೆರಗು ಸರಿಮಾಡಿಕೊಂಡ ಮೇಲೆ ಅವಳು ಕೈ ಎತ್ತಿದಳು.

“ಏ, ಇದೇನೋ? ನಾ ಇಳಿಸಿದ ಮ್ಯಾಲ ಅದು ಎತ್ತಾಕತ್ತೈತಲ್ಲ!” ದೊಡ್ಡವ್ವ ಮತ್ತೆ ಎತ್ತಿದಳು, ಮತ್ತೆ ಹಾಗೆಯೇ.

“ಹಂಗ ಅದು. ಎಲ್ಲಾ ಆ ತಟ್ಟಿಯೊಳಗಿಂದ ಎಲ್ಲೆಲ್ಲೋ ತಿರುಗಿ ಬರಬೇಕು, ತಡ ಆಗತೈತಿ. ನಿಮ್ಮ ಫೋನೂ ಅದರಾಗ ಹೊಕ್ಕೈತಿ. ಅದಕ್ಕ ಇಷ್ಟ ಹೊತ್ತ ಹಿಡ್ಯಾಂಗಿಲ್ಲ, ಆದ್ರ ತಡ ಅನ್ನೂದ ಇದ್ದ ಇರತೈತಿ” ಎಂದ ಅಣ್ಣ.

ದೊಡ್ಡವ್ವ ಎತ್ತಿದ ಕೈಯನ್ನು ಹಾಗೆಯೇ ಹಿಡಿದು ನನ್ನ ಕಡೆ ತಿರುಗಿದಳು. ಹೂಂಗೆ ಎಷ್ಟು ಹೊತ್ತು ಬೇಕು? ಕಣ್ಣು ಮಿಟುಕಿಸುವಷ್ಟು ತಡವಾದರೂ ಅದು ಬೇರೆ ಮಾತಿನ ಮೇಲೆ ಬಿದ್ದುಹೋಗುತ್ತದೆ. ಊರಲ್ಲಿ ಎಲ್ಲರೂ ಇಂಥ ಫೋನಿನಲ್ಲಿ ಮಾತಾಡುತ್ತಾರೆ, ಯಾರಿಗೂ ಏನೂ ಆಗುವುದಿಲ್ಲ. ಮಾತುಮಾತಿಗೂ ಹೂಂಗುಟ್ಟಿ ಬೆಳೆದ ನಮ್ಮಂಥವರಿಗೆ ಮಾತ್ರ ಈ ಗತಿ.

“ಇದನ್ನ ಫೋನಿನ್ಯಾಗ ಹೇಳಾಂಗಿಲ್ಲ ನಾ. ನಡಿ” ಎಂದು ದೊಡ್ಡವ್ವ ಕೌದಿಯನ್ನು ಗಂಟು ಕಟ್ಟಿದಳು.

ಜಲನಗರ ಮುಟ್ಟಿದಾಗ ಅವ್ವ ಗೋಡೆಯ ಕಡೆ ಮುಖ ಮಾಡಿಯೇ ಮಲಗಿದ್ದಳು. ದೊಡ್ಡವ್ವ ಚಪ್ಪಲಿ ಬಿಟ್ಟವಳೇ ಮಂಚದ ಮೇಲೆ ಹತ್ತಿ ಗೋಡೆಗೂ ಅವ್ವನಿಗೂ ನಡುವೆ ಹೋಗಿ ಕೂತಳು. “ಏಳಲೇ. ಅವತ್ತ ಕೇಳಿದ್ದ ಈಗ ಕೇಳು. ನನ್ನ ಮಾರಿ ನೋಡ್ಕೋತ ಕೇಳು.”

ಅವ್ವ ಎದ್ದು ಕೂತಳು. “ನಾ ಬಂದ ಇದ್ರ ನಿನಗ ತ್ರಾಸ ಆಗತೈತೇನಕ್ಕಾ?”

ದೊಡ್ಡವ್ವ ಗಂಟು ಬಿಚ್ಚಿ ಕೌದಿಯನ್ನು ಅವ್ವನ ಹೆಗಲಿನ ಸುತ್ತ ಹೊದಿಸಿದಳು. ತಾಯಿಯ ಸೆರಗು ಕಂಡು ಅವ್ವ ಅದನ್ನು ಮೂಸಿ ನೋಡಿದಳು. ಆಮೇಲೆ ಇಬ್ಬರೂ ಕೂಡಿಯೇ ಶುರುವಿಟ್ಟುಕೊಂಡರು, ಒಬ್ಬರಿಗೊಬ್ಬರು ಬೈಯುತ್ತ, ಮೂಗು ಒರೆಸುತ್ತ, ನಡುನಡುವೆ ಹೂಂಗುಟ್ಟುತ್ತ. ನಾನು ಒಳಗೆ ಹೋಗಿ ಉಪ್ಪಿಟ್ಟಿಗೆ ಇಟ್ಟೆ.

ಉಪ್ಪಿಟ್ಟು ತಿನ್ನುತ್ತ ದೊಡ್ಡವ್ವ ಫೋನಿಗೊಂದು ಉಪಾಯ ಹೇಳಿದಳು. “ಬೀಸುವಾಗ ಕಾಳ ಹಾಕಾಕ ಮಾತ ನಿಲ್ಲಸ್ತಿದ್ದಿವಲ್ಲ? ಹಂಗ ಮಾಡೂಣು. ಒಂದ ಮಾತ ಮುಗೀತು, ಒಂದ ಹಿಡಿ ಕಾಳ ಹಾಕು. ಅಷ್ಟರಾಗ ನನ್ನ ಹೂಂ ಬರತೈತಿ.”

ಅಂದಿನಿಂದ ಅವ್ವ ಬಲಗೈಯಲ್ಲಿ ರಿಸೀವರು ಹಿಡಿದು ಮಾತಾಡುತ್ತಿದ್ದಳು. ಒಂದು ಮಾತು ಮುಗಿದ ಕೂಡಲೇ ಎಡಗೈ ತನ್ನಷ್ಟಕ್ಕೆ ತಾನೇ ಇಲ್ಲದ ಮೊರದಿಂದ ಇಲ್ಲದ ಜೋಳ ಎತ್ತಿ, ಇಲ್ಲದ ಬೀಸುಕಲ್ಲಿನ ಬಾಯಿಗೆ ಹಾಕುತ್ತಿತ್ತು. ಹಾಕಿ ಕೈ ಕೊಡವುವುದಕ್ಕೂ ಆ ಕಡೆಯಿಂದ ‘ಹೂಂ’ ಬರುವುದಕ್ಕೂ ಸರಿಹೋಗುತ್ತಿತ್ತು. ನಾನು ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದೆ. ಅಂಥ ಮಧ್ಯಾಹ್ನಗಳು ಮತ್ತೆ ಬರಲಿಕ್ಕಿಲ್ಲ.

ಆ ಬೇಸಿಗೆ ಅವ್ವ ಕಳ್ಳಕವಟಗಿಗೆ ಹೋದಳು, ಮಣೂಕ ಒಣಗಿ ಮುಗಿಯುವತನಕ ಇದ್ದಳು, ಕಮೋಡಿನ ಉದ್ಘಾಟನೆಯನ್ನೂ ಮಾಡಿದಳು. ಬರುವಾಗ ಕೌದಿಯನ್ನೂ ಮತ್ತೆ ಜೊತೆಗೇ ತಂದಳು. ಮುಂದಿನ ಬೇಸಿಗೆಯೂ ಸಿಕ್ಕಿತು. ಅದರ ಮುಂದಿನದು ಸಿಗಲಿಲ್ಲ.

ಒಂದು ಬೆಳಿಗ್ಗೆ ಚಹಾ ತೆಗೆದುಕೊಂಡು ಹೋದಾಗ ಅವ್ವ ಏಳಲಿಲ್ಲ. ಡಾಕ್ಟರು ಬಂದು ನೋಡಿ ಹೋದರು. ಗಂಡ ಮೊಬೈಲಿನಲ್ಲಿ ಅಣ್ಣನಿಗೆ ಹೇಳಲು ಹೊರಟ. ಬೇಡ ಎಂದೆ. ಆ ಸುದ್ದಿ ಕೆಂಪು ಫೋನಿನಿಂದಲೇ ಹೋಗಬೇಕು ಎನಿಸಿತು. ಮುಸುಕು ತೆಗೆದು ನಂಬರು ಹಚ್ಚಿದೆ. ದೊಡ್ಡವ್ವನೇ ಎತ್ತಿದಳು. “ಯಾಕವಾ, ಇಷ್ಟ ಲಗೂನ ಹಚ್ಚೀದಿ?” ಎಂದಳು, ಅವ್ವನೇ ಎಂದುಕೊಂಡು.

“ದೊಡ್ಡವ್ವಾ, ಅವ್ವ ಹೋದ್ಲಬೇ” ಎಂದೆ.

ನನ್ನ ಎಡಗೈ ಒಂದು ಹಿಡಿ ಕಾಳು ಹಾಕಿತು. ಹೂಂ ಬರಲಿಲ್ಲ. ಇನ್ನೊಂದು ಹಿಡಿ ಹಾಕಿದೆ. ಬರಲಿಲ್ಲ. ಲೈನು ಹೋಗಿರಲಿಲ್ಲ, ಅಲ್ಲಿ ಕೋಳಿ ಕೂಗುವುದು, ಯಾರೋ ಕೊಡ ಇಳಿಸುವುದು ಕೇಳುತ್ತಿತ್ತು. ನಾನು ಹಾಕುತ್ತಲೇ ಹೋದೆ. ಬಹಳ ಹೊತ್ತಿನ ಮೇಲೆ ತೀರಾ ಸಣ್ಣ ದನಿಯಲ್ಲಿ, ಕೋಣೆಗೆಲ್ಲ ಕೇಳುವ ಆ ದನಿಯೇ ಅಲ್ಲ, “ಹೂಂ” ಎಂದು ಬಂತು.

ಆಮೇಲೆ ಕೇಳಿದಳು: “ಕೌದಿ ಹೊಚ್ಚೀಯೇನಬೇ ಆಕಿಗೆ?”

ನಾನು ಹೂಂ ಎಂದೆ. ಅದು ಅವಳಿಗೆ ಮುಟ್ಟುವತನಕ ರಿಸೀವರು ಕೆಳಗಿಡಲಿಲ್ಲ.